ಸಿಎನ್‌ಸಿ ಮಾಡಲು ಹಳೆ ಮಿಲ್ಲಿಂಗ್ ಮಷಿನ್: ಕೊಳ್ಳುವ ಮುನ್ನ ಏನು ನೋಡಬೇಕು, ಏನನ್ನು ಬಿಡಬೇಕು

ಹಳೆ ಮಿಲ್ಲಿಂಗ್ ಮಷಿನ್ನನ್ನು (ತಿರುಗುವ ಕಟ್ಟರಿನಿಂದ ಲೋಹ ಕಡೆಯುವ ಯಂತ್ರ) ಸಿಎನ್‌ಸಿ ಮಾಡಲು, ಅಂದರೆ ಕಂಪ್ಯೂಟರ್ ಪ್ರೋಗ್ರಾಮಿನಿಂದ ತಾನೇ ಓಡುವಂತೆ ಮಾಡಲು ಹೊರಟಾಗ ಅದರ ಬಹಳಷ್ಟು ಸಾಮಾನು ಬಿಚ್ಚಿ ಗುಜರಿಗೆ ಹಾಕಬೇಕಾಗುತ್ತದೆ. ಟೇಬಲ್ ಸರಿಸುವ ಲೀಡ್ ಸ್ಕ್ರೂ, ಅದರ ನಟ್ಟು, ಕೈಚಕ್ರಗಳು, ಟೇಬಲ್ಲನ್ನು ಮೋಟರಿನಿಂದ ಓಡಿಸುವ ಪವರ್ ಫೀಡ್ ಗೇರ್ ಬಾಕ್ಸ್, ಹಳೆ ಸ್ಟಾರ್ಟರ್ ಎಲ್ಲವೂ ಹೋಗುತ್ತವೆ. ಉಳಿಯುವುದು ಎರಡೇ: ಬೀಡಿನ (ಎರಕದ ಕಬ್ಬಿಣದ) ಮೈ ಮತ್ತು ಕಟ್ಟರನ್ನು ಹಿಡಿದು ತಿರುಗಿಸುವ ಸ್ಪಿಂಡಲ್. ದುಡ್ಡು ಕೊಡಬೇಕಾದ್ದೂ ಈ ಎರಡಕ್ಕೆ ಮಾತ್ರ. ಮಾರುವವರು ತೋರಿಸುವುದು ಬಹುತೇಕ ಇದಕ್ಕೆ ಉಲ್ಟಾ: ಪವರ್ ಫೀಡ್ ಓಡಿಸಿ ತೋರಿಸುತ್ತಾರೆ, ಹೊಸ ಬಣ್ಣ ತೋರಿಸುತ್ತಾರೆ, ಡಿಆರ್‌ಒ (ಅಳತೆ ತೋರಿಸುವ ಡಿಜಿಟಲ್ ಪರದೆ) ತೋರಿಸುತ್ತಾರೆ. ಟೇಬಲ್ಲಿನ ಕೆಳಗೆ ಸವೆದ ಡವ್‌ಟೇಲನ್ನು (ಟೇಬಲ್ ಜಾರುವ ಓರೆ ಅಂಚಿನ ಹಳಿ) ಯಾರೂ ತಾವಾಗಿ ತೋರಿಸುವುದಿಲ್ಲ.

ಸ್ಲೈಡ್‌ವೇ (ಭಾಗಗಳು ಜಾರುವ ಹಳಿಯ ಮೇಲ್ಮೈ) ಸವೆತವನ್ನು ಸಾಫ್ಟ್‌ವೇರ್ ಸರಿ ಮಾಡುವುದಿಲ್ಲ, ಇದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿ. ಕಂಟ್ರೋಲರಿನಲ್ಲಿ ಬ್ಯಾಕ್‌ಲ್ಯಾಶ್ ಕಾಂಪೆನ್ಸೇಶನ್ ಇರುತ್ತದೆ ನಿಜ. ಆದರೆ ಅದು ತುಂಬಿಕೊಡುವುದು ಸ್ಕ್ರೂ ಮತ್ತು ನಟ್ಟಿನ ನಡುವಿನ ಪ್ಲೇಯನ್ನು (ಸಡಿಲವನ್ನು), ಅದೂ ದಿಕ್ಕು ಬದಲಾದಾಗ ಮಾತ್ರ. ಟೇಬಲ್ಲೇ ಅಡ್ಡಡ್ಡ ತಿರುಚುತ್ತಿದ್ದರೆ ಕಂಟ್ರೋಲರಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ. ಕೈಯಲ್ಲಿ ಓಡಿಸುವಾಗ ಅನುಭವಿ ಆಪರೇಟರ್ ಲಾಕ್ ಹಾಕಿ, ಕಟ್ಟರಿನ ಸದ್ದು ಕೇಳಿ, ಸವೆದ ಮಷಿನ್ನಿನಲ್ಲೂ ಒಳ್ಳೆಯ ಜಾಬ್ ತೆಗೆಯಬಲ್ಲ. ಪ್ರೋಗ್ರಾಮಿಗೆ ಆ ಕಿವಿಯೂ ಇಲ್ಲ, ಕೈಯೂ ಇಲ್ಲ.

ಮೊದಲು ಮನೆ ಅಳೆಯಿರಿ

ಮಷಿನ್ ಹುಡುಕುವ ಮೊದಲು ಟೇಪ್ ಹಿಡಿದು ಮನೆಯಲ್ಲೇ ಓಡಾಡಿ. ಸಾಮಾನ್ಯ ಟರೆಟ್ ಮಿಲ್ಲಿಂಗ್ ಮಷಿನ್ (ಬಗೆಗಳ ವಿವರ ಮುಂದಿದೆ) ಒಂದು ಟನ್ ಆಸುಪಾಸು ತೂಗುತ್ತದೆ, ಎತ್ತರ ಏಳು ಅಡಿಯ ಸುತ್ತಮುತ್ತ. ಟೇಬಲ್ ಉದ್ದ 1,070 ಮಿ.ಮೀ., ಓಟ (ಸರಿಯುವ ದೂರ) 600 ಮಿ.ಮೀ. ಎಂದಿಟ್ಟುಕೊಂಡರೆ ಎರಡೂ ತುದಿಗೆ ಹೋಗಿ ಬರಲು 1,670 ಮಿ.ಮೀ. ಬೇಕು. ಟೇಬಲ್ ಓಡಿಸುವ ಸರ್ವೋ ಮೋಟರ್ ಮತ್ತು ಅದರ ಬ್ರ್ಯಾಕೆಟ್ ಇನ್ನೊಂದು 200 ಮಿ.ಮೀ. ಕೇಳುತ್ತದೆ. ಆರೂವರೆ ಅಡಿ ಖಾಲಿ ಅಗಲವಿಲ್ಲದ ಕಡೆ ಟರೆಟ್ ಮಷಿನ್ ತಂದರೆ ಎಕ್ಸ್ (ಎಡ-ಬಲ) ಓಟವನ್ನೇ ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ.

30×40 ಸೈಟಿನ ಮನೆಗಳಲ್ಲಿ ಮಷಿನ್ ಇಡಲು ಎಲ್ಲರ ಕಣ್ಣೂ ಬೀಳುವುದು ಕಾರ್ ನಿಲ್ಲಿಸುವ ಪೋರ್ಟಿಕೊ ಮೇಲೆ. ಬೆಂಗಳೂರಿನ ಬಹುತೇಕ ಮನೆಗಳಲ್ಲಿ ನೀರಿನ ಸಂಪ್ ಇರುವುದೂ ಅದೇ ಪೋರ್ಟಿಕೊ ಕೆಳಗೆ! ಸಂಪಿನ ಸ್ಲ್ಯಾಬ್ ಕಾರಿನ ಭಾರ ತಡೆದೀತು, ಏಕೆಂದರೆ ಕಾರಿನ ತೂಕ ದೂರದೂರದ ನಾಲ್ಕು ಚಕ್ರಗಳಿಗೆ ಹಂಚಿಹೋಗುತ್ತದೆ. ಮಿಲ್ಲಿಂಗ್ ಮಷಿನ್ನಿನ ಒಂದು ಟನ್ ಎರಡಡಿ ಚೌಕದಷ್ಟು ಜಾಗದಲ್ಲೇ ಕೂರುತ್ತದೆ. ಪೈಪ್ ಮೇಲೆ ಉರುಳಿಸುವಾಗಲಂತೂ ಅಷ್ಟೂ ಭಾರ ಒಂದೇ ಗೆರೆಯ ಮೇಲಿರುತ್ತದೆ. ಸಂಪಿನ ನಾಲ್ಕು ಅಂಚುಗಳನ್ನು ಪತ್ತೆ ಮಾಡಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮುಚ್ಚಳ ಚಿಕ್ಕದಿದ್ದರೂ ಒಳಗಿನ ತೊಟ್ಟಿ ದೊಡ್ಡದಿರುತ್ತದೆ. ಮಷಿನ್ ಇಡುವ ಜಾಗವೂ ಅದನ್ನು ತರುವ ದಾರಿಯೂ ಆ ಗೆರೆಯ ಹೊರಗಿರಲಿ.

ಮೊದಲ ಮಹಡಿಯ ಯೋಚನೆ ಬೇಡ. ವಾಸದ ಮನೆಯ ಸ್ಲ್ಯಾಬ್ ಲೆಕ್ಕ ಹಾಕುವಾಗ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 200 ಕೆಜಿ. ಮಹಡಿಯೇ ಗತಿ ಎಂದಾದರೆ ಟರೆಟ್ ಮಷಿನ್ ಆಸೆ ಬಿಟ್ಟು ಸಣ್ಣ ಬೆಂಚ್ ಮಿಲ್ ನೋಡಿ. ಅದನ್ನೂ ಗೋಡೆ ಪಕ್ಕ, ಬೀಮ್ ಇರುವ ಕಡೆ, ಇಂಜಿನಿಯರನ್ನು ಕೇಳಿಯೇ ಇಡಿ.

ಯಾವ ಬಗೆಯ ಮಷಿನ್

ಮಷಿನ್ ಟೂಲ್ ಕಂಪನಿಗಳಾದ ಎಚ್‌ಎಂಟಿ 1953ರಲ್ಲಿ, ಭಾರತ್ ಫ್ರಿಟ್ಜ್ ವರ್ನರ್ (ಬಿಎಫ್‌ಡಬ್ಲ್ಯು) 1961ರಲ್ಲಿ ಶುರುವಾದ ಊರು ಬೆಂಗಳೂರು. ಪೀಣ್ಯ, ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್, ಕಾಮಾಕ್ಷಿಪಾಳ್ಯ, ಬೊಮ್ಮಸಂದ್ರ, ಜಿಗಣಿಯ ಶೆಡ್‌ಗಳು ವಿಎಂಸಿಗೆ (ಕಾರ್ಖಾನೆಯ ಸಿಎನ್‌ಸಿ ಮಿಲ್ಲಿಂಗ್ ಮಷಿನ್) ಬದಲಾಗುತ್ತ ಬಂದ ಹಾಗೆ ಕೈಯಲ್ಲಿ ಓಡಿಸುವ ಮಷಿನ್ನುಗಳು ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಆದರೆ ಸಿಕ್ಕಿದ್ದೆಲ್ಲ ಪರಿವರ್ತನೆಗೆ ಆಗುವುದಿಲ್ಲ.

ಮನೆಗೆ ಹೆಚ್ಚು ಹೊಂದುವುದು ಟರೆಟ್ ಮಿಲ್ಲಿಂಗ್, ಪೀಣ್ಯದವರು ಎಂ1ಟಿಆರ್ ಎಂದು ಕರೆಯುವ ಬಗೆ. ರಚನೆ ಅಮೆರಿಕದ ಹಳೆಯ ಬ್ರಿಡ್ಜ್‌ಪೋರ್ಟ್ ಮಷಿನ್ನಿನ ಮಾದರಿಯದು. ತಲೆ ಮೇಲೆ, ಸ್ಪಿಂಡಲ್ ಹೊತ್ತ ಕೊಳವೆಯಾದ ಕ್ವಿಲ್ ಕೆಳಗಿಳಿಯುತ್ತದೆ, ಟೇಬಲ್ಲನ್ನೂ ಅದರಡಿಯ ಸ್ಯಾಡಲ್ಲನ್ನೂ ಹೊತ್ತ ‘ನೀ’ ಎಂಬ ಬೀಡಿನ ಭಾಗ ಇಡೀ ಮೇಲೆ ಕೆಳಗೆ ಆಡುತ್ತದೆ. ಇದನ್ನು ಸಿಎನ್‌ಸಿ ಮಾಡಿದವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ, ಹಾಗಾಗಿ ಬ್ರ್ಯಾಕೆಟ್ಟುಗಳ ಅಳತೆ, ಬಾಲ್ ನಟ್ (ಲೀಡ್ ಸ್ಕ್ರೂ ಬದಲಿಗೆ ಹಾಕುವ, ಗುಂಡುಗಳ ಮೇಲೆ ಉರುಳುವ ಬಾಲ್ ಸ್ಕ್ರೂವಿನ ನಟ್ಟು) ಕೂರಿಸುವ ದಾರಿ ಎಲ್ಲವೂ ಚಿತ್ರಸಹಿತ ಸಿಗುತ್ತದೆ.

ಚೌಕ ಕಾಲಮ್ಮಿನ ಬೆಂಚ್ ಮಿಲ್, 250ರಿಂದ 350 ಕೆಜಿಯದು, ಜಾಗ ಕಡಿಮೆ ಇರುವವರಿಗೆ ಒಳ್ಳೆಯದು. ಇದರಲ್ಲಿ ನೀ ಇಲ್ಲ, ತಲೆಯೇ ಕಾಲಮ್ಮಿನ ಮೇಲೆ ಜಾರುತ್ತದೆ, ಹಾಗಾಗಿ ಝಡ್ ಅಕ್ಷ (ಮೇಲೆ-ಕೆಳಗಿನ ಓಟ) ಸುಲಭ. ದುಂಡು ಕಾಲಮ್ಮಿನ ಮಿಲ್-ಡ್ರಿಲ್ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. ತಲೆ ಏರಿಸಿ ಇಳಿಸಿದಾಗ ಅದು ಕಂಬದ ಸುತ್ತ ಒಂದಿಷ್ಟು ತಿರುಗಿಬಿಡುತ್ತದೆ, ಎಕ್ಸ್, ವೈ (ಮುಂದೆ-ಹಿಂದೆ) ಅಳತೆಯ ಸೊನ್ನೆ ಎರಡೂ ಹೋಗುತ್ತವೆ.

ಎಚ್‌ಎಂಟಿ ಎಫ್‌ಎನ್2 ಥರದ, ಬಿಎಫ್‌ಡಬ್ಲ್ಯು ವಿಎಫ್ ಸರಣಿಯ ದೊಡ್ಡ ಮಷಿನ್ನುಗಳ ಬೀಡು ಬಂಗಾರ. ಆದರೆ ತೂಕ ಮನೆಯ ಲೆಕ್ಕಕ್ಕೆ ಮೀರಿದ್ದು, ಫೀಡ್ ಗೇರ್ ಬಾಕ್ಸ್ ನೀ ಒಳಗೇ ಹುದುಗಿರುತ್ತದೆ, ಬಿಚ್ಚಿ ಬಾಲ್ ಸ್ಕ್ರೂ ಹಾಕುವುದು ದೊಡ್ಡ ಕೆಲಸ. ಶೆಡ್ ಇದ್ದವರು ನೋಡಬಹುದು. ಯುನಿವರ್ಸಲ್ ಬಗೆಯದನ್ನು, ಅಂದರೆ ಟೇಬಲ್ ಓರೆಯಾಗಿ ತಿರುಗುವುದನ್ನು ಬಿಡಿ. ಆ ತಿರುಗುವ ಜಾಯಿಂಟ್ ಇನ್ನೊಂದು ಅಲುಗಾಟದ ಜಾಗ, ನಿಮಗೆ ಅದರಿಂದ ಲಾಭವಿಲ್ಲ.

ಇನ್ನೊಂದು ದಾರಿಯೂ ಇದೆ, ಅನೇಕರು ಮರೆಯುವಂಥದ್ದು. ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಕಂಟ್ರೋಲರ್ ಸತ್ತು ಮೂಲೆ ಸೇರಿದ ಟ್ರೈನರ್ ಸಿಎನ್‌ಸಿ ಮಿಲ್. ಬಾಲ್ ಸ್ಕ್ರೂ, ಲಿಮಿಟ್ ಸ್ವಿಚ್ ಮೊದಲೇ ಇರುತ್ತವೆ, ಓಡಿದ್ದೂ ಕಡಿಮೆ, ಅದೂ ಹೆಚ್ಚಾಗಿ ಮೇಣ ಮತ್ತು ಅಲ್ಯೂಮಿನಿಯಂ ಕಡೆದದ್ದು. ಸಣ್ಣ ಜಾಬ್ ಸಾಕು ಎನ್ನುವವರಿಗೆ ಇದಕ್ಕಿಂತ ಸಲೀಸಾದ ಆಯ್ಕೆ ಇಲ್ಲ.

ನೋಡಲು ಹೋಗುವಾಗ ಜೊತೆಗಿರಬೇಕಾದ್ದು

0.01 ಮಿ.ಮೀ. ಡಯಲ್ (ಸಣ್ಣ ಅಲುಗಾಟ ಅಳೆಯುವ ಮುಳ್ಳಿನ ಗೇಜ್) ಒಂದು, ಲಿವರ್ ಡಯಲ್ ಒಂದು, ಮ್ಯಾಗ್ನೆಟಿಕ್ ಬೇಸ್, 150 ಮಿ.ಮೀ. ಮೂಲೆಮಟ್ಟ (ಟ್ರೈ ಸ್ಕ್ವೇರ್), ಫೀಲರ್ ಗೇಜ್, ವರ್ನಿಯರ್, ಟಾರ್ಚ್, ಅಲೆನ್ ಕೀ ಸೆಟ್, ದೊಡ್ಡ ಸ್ಕ್ರೂಡ್ರೈವರ್, ಸೀಮೆಎಣ್ಣೆಯಲ್ಲಿ ನೆನೆಸಿದ ವೇಸ್ಟ್ ಬಟ್ಟೆ. ಹೊರಡುವ ಮುನ್ನ ಫೋನಿನಲ್ಲೇ ಕೇಳಿ: "ಅಣ್ಣಾ, ಮಷಿನ್‌ಗೆ ಕರೆಂಟ್ ಇದ್ಯಾ? ಅರ್ಧ ಗಂಟೆ ಓಡಿಸಿ ನೋಡ್ಬೇಕು." ಕನೆಕ್ಷನ್ ತೆಗೆದು ಮಳೆಯಲ್ಲಿ ನಿಲ್ಲಿಸಿದ ಮಷಿನ್ನಿಗೆ ಗುಜರಿ ದರಕ್ಕಿಂತ ಹೆಚ್ಚು ಕೊಡುವ ಕಾರಣವೇ ಇಲ್ಲ.

ಹೊಸ ಬಣ್ಣ ಕಂಡರೆ ಎಚ್ಚರ ಹೆಚ್ಚಿರಲಿ. ಬಣ್ಣ ಬಳಿದವರು ಸ್ಲೈಡ್‌ವೇಯ ಕಾಣುವ ಭಾಗಕ್ಕೆ ಎಮರಿ ಉಜ್ಜಿ ಹೊಳೆಯಿಸಿರುತ್ತಾರೆ. ಎಣ್ಣೆ ಮೆತ್ತಿದ, ಬಣ್ಣ ಹೋದ, ಆದರೆ ಸ್ಕ್ರೇಪಿಂಗ್ ಗುರುತು ಇನ್ನೂ ಕಾಣುವ ಮಷಿನ್ ಅದಕ್ಕಿಂತ ಎಷ್ಟೋ ವಾಸಿ. ಕಾರ್ಖಾನೆಯಲ್ಲಿ ಕೈಯಿಂದ ಹೆರೆದ ಆ ಚಿಕ್ಕ ಅರ್ಧಚಂದ್ರದ ಗುರುತುಗಳ ಆಳ ಕೆಲವೇ ಮೈಕ್ರಾನ್. ಸ್ಯಾಡಲ್ ಬಿಟ್ಟು ಹೊರಬಂದ ಟೇಬಲ್ ಡವ್‌ಟೇಲಿನ ಮಧ್ಯದಲ್ಲೂ ಅವು ಕಂಡರೆ ಸವೆತ ಅಷ್ಟರೊಳಗೇ ಇದೆ ಎಂದರ್ಥ. ಬರೀ ಕನ್ನಡಿಯ ಹಾಗಿದ್ದು ಉದ್ದುದ್ದ ಗೀರುಗಳಿದ್ದರೆ ಎಣ್ಣೆ ಇಲ್ಲದೆ ಓಡಿದೆ.

ಎಣ್ಣೆಯನ್ನೂ ಅಲ್ಲೇ ನೋಡಿ. ಪಕ್ಕದಲ್ಲಿರುವ ಲ್ಯೂಬ್ರಿಕೇಶನ್ ಪಂಪ್ ಎಳೆದು ಬಿಡಿ, ಟೇಬಲ್ಲನ್ನು ಎರಡು ಸಲ ಆ ತುದಿ ಈ ತುದಿ ಓಡಿಸಿ, ಸ್ಲೈಡ್‌ವೇ ಮೇಲೆ ಬಟ್ಟೆ ಒತ್ತಿ. ಒಣಗಿದ್ದರೆ ಪೈಪುಗಳು ಕಟ್ಟಿಕೊಂಡಿವೆ. ಎಷ್ಟು ವರ್ಷದಿಂದ ಎಂಬುದು ಮುಂದಿನ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಡಯಲ್ ಹಿಡಿದು ಮಾಡುವ ಪರೀಕ್ಷೆ

ಮೊದಲು ಸ್ಕ್ರೂ ಪ್ಲೇ. ಸ್ಯಾಡಲ್ ಮತ್ತು ನೀ ಲಾಕ್ ಮಾಡಿ. ಬೇಸನ್ನು ಕಾಲಮ್ಮಿಗೆ ಹಿಡಿಸಿ ಡಯಲ್ ಮೊನೆಯನ್ನು ಟೇಬಲ್ಲಿನ ತುದಿಗೆ ಎಕ್ಸ್ ದಿಕ್ಕಿನಲ್ಲಿ ಮುಟ್ಟಿಸಿ. ಕೈಚಕ್ರವನ್ನು ಒಂದು ಕಡೆ ತಿರುಗಿಸಿ ಮುಳ್ಳು ಅಲುಗಿದ ಮೇಲೆ ಸೊನ್ನೆ ಮಾಡಿ, ಹಿಂದಕ್ಕೆ ತಿರುಗಿಸಿ, ಮುಳ್ಳು ಮತ್ತೆ ಅಲುಗುವ ತನಕ ಕೈಚಕ್ರದ ಅಂಕೆ ಎಷ್ಟು ಓಡಿತು ನೋಡಿ. ಇದನ್ನು ಟೇಬಲ್ ಮಧ್ಯದಲ್ಲೊಮ್ಮೆ, ಎರಡೂ ತುದಿಯಲ್ಲೊಮ್ಮೆ ಮಾಡಿ. ಮಧ್ಯದಲ್ಲಿ 0.60 ಮಿ.ಮೀ., ತುದಿಯಲ್ಲಿ 0.20 ಬಂತು ಎನ್ನಿ (ಮುಂದಿನ ಅಳತೆಗಳೂ ಮಿ.ಮೀ.ನಲ್ಲೇ). ಸ್ಕ್ರೂ ಹೇಗೂ ಗುಜರಿಗೆ, 0.60 ಬಂದರೂ ಹೆದರಬೇಕಿಲ್ಲ. ನೋಡಬೇಕಾದ್ದು ಎರಡರ ನಡುವಿನ 0.40ರ ಅಂತರ. ಸ್ಕ್ರೂವಿನ ನಡುಭಾಗ ಅಷ್ಟು ಸವೆದಿದೆ, ಅಂದರೆ ಮಷಿನ್ ತನ್ನ ಆಯುಷ್ಯವನ್ನೆಲ್ಲ ಜಾಬ್ ಹಿಡಿಯುವ ವೈಸ್ ಕೂತ ಆ ನಡುಜಾಗದಲ್ಲೇ ಕಳೆದಿದೆ. ಡವ್‌ಟೇಲ್ ಕೂಡ ಅಲ್ಲೇ ಸವೆದಿರುವ ಸಾಧ್ಯತೆ ಹೆಚ್ಚು.

ಎರಡನೆಯದು ಜಿಬ್ ಪರೀಕ್ಷೆ. ಜಿಬ್ ಎಂದರೆ ಡವ್‌ಟೇಲಿನ ಸಡಿಲವನ್ನು ಬಿಗಿ ಮಾಡುವ ಬೆಣೆಯಂಥ ಪಟ್ಟಿ. ಎಲ್ಲಕ್ಕಿಂತ ದೊಡ್ಡದು ಇದೇ, ಹತ್ತು ನಿಮಿಷದ ಕೆಲಸ. ಟೇಬಲ್ಲನ್ನು ನಡುವಿಗೆ ತನ್ನಿ. ಜಿಬ್ ಸ್ಕ್ರೂವನ್ನು ಸ್ವಲ್ಪಸ್ವಲ್ಪವೇ ಬಿಗಿ ಮಾಡುತ್ತ ಕೈಚಕ್ರ ತಿರುಗಿಸಿ, ತುಸು ಭಾರ ಎನಿಸಿದಾಗ ನಿಲ್ಲಿಸಿ. ಈಗ ಟೇಬಲ್ಲನ್ನು ನಿಧಾನಕ್ಕೆ ತುದಿಯ ಕಡೆ ಓಡಿಸಿ. ಕೊನೆಯ ತನಕ ಒಂದೇ ಹದದಲ್ಲಿ ಹೋದರೆ ಬೀಡು ಚೆನ್ನಾಗಿದೆ. ತುದಿಗೆ ಹೋಗುತ್ತ ಕೈಚಕ್ರ ಗಟ್ಟಿಯಾಗಿ ಕೊನೆಗೆ ಎರಡು ಕೈ ಹಾಕಬೇಕಾದರೆ, ನಡುವೆ ಸವೆದಿದೆ, ತುದಿ ಹಾಗೇ ಉಳಿದಿದೆ. ಇಂಥ ಮಷಿನ್ನಿಗೆ ಮೋಟರ್ ಹಾಕಿದರೆ ಎರಡರಲ್ಲೊಂದು ಆಗುತ್ತದೆ. ನಡುಭಾಗಕ್ಕೆ ಜಿಬ್ ಹೊಂದಿಸಿದರೆ ತುದಿಯಲ್ಲಿ ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್) ಸಿಕ್ಕಿಕೊಂಡು ಸ್ಟೆಪ್ ಕಳೆದುಕೊಳ್ಳುತ್ತದೆ. ತುದಿಗೆ ಹೊಂದಿಸಿದರೆ ನಡುವೆ ಟೇಬಲ್ ಅಲುಗುತ್ತದೆ, ಎಂಡ್ ಮಿಲ್ (ಕಟ್ಟರ್) ಕಚಕಚ ಎಂದು ಕಡಿಯುತ್ತದೆ, ದುಂಡನೆಯ ಪಾಕೆಟ್ (ಕಡೆದ ಗುಳಿ) ಮೊಟ್ಟೆಯಾಗುತ್ತದೆ. ಟೇಬಲ್ ಗ್ರೈಂಡಿಂಗ್, ಸ್ಯಾಡಲ್‌ಗೆ ಟರ್ಸೈಟ್ (ನುಣುಪಾಗಿ ಜಾರುವ ಪ್ಲಾಸ್ಟಿಕ್ ಹಾಳೆ) ಅಂಟಿಸಿ ಸ್ಕ್ರೇಪಿಂಗ್ ಇದಕ್ಕೆ ಇರುವ ಮದ್ದು. ಪೀಣ್ಯದಲ್ಲಿ ಮಾಡಿಕೊಡುವವರಿದ್ದಾರೆ, ಆದರೆ ಆ ಖರ್ಚನ್ನು ಮಷಿನ್ ಬೆಲೆಯಿಂದ ಕಳೆದು ನೋಡಿದರೆ ಬಹಳ ಸಲ ವ್ಯಾಪಾರ ಅಲ್ಲಿಗೇ ಮುಗಿಯುತ್ತದೆ.

ಮೂರನೆಯದು ಟೇಬಲ್ ತಿರುಚು. ಜಿಬ್ ಅದೇ ಹದದಲ್ಲಿರಲಿ, ಸ್ಯಾಡಲ್ ಲಾಕ್ ಇರಲಿ. ಡಯಲ್ಲನ್ನು ಟೇಬಲ್ಲಿನ ಬಲತುದಿಯ ಹಿಂಬದಿಗೆ ಮುಟ್ಟಿಸಿ ಆ ತುದಿಯನ್ನು ಕೈಯಿಂದ ಜೋರಾಗಿ ಹಿಂದೆ ಮುಂದೆ ತಳ್ಳಿ. ಮನೆ ಕೆಲಸದ ಮಷಿನ್ನಿಗೆ 0.05 ಒಳಗಿದ್ದರೆ ಒಪ್ಪಬಹುದು. 0.10 ದಾಟಿದರೆ ಬೇರೆ ಮಷಿನ್ ನೋಡಿ.

ನಾಲ್ಕನೆಯದು, ಸ್ಪಿಂಡಲ್ಲಿಗೆ ಡಯಲ್ ಹಿಡಿಸಿ ಮೊನೆಯನ್ನು ಟೇಬಲ್ ಮೇಲೆ, ಟಿ-ಸ್ಲಾಟ್‌ಗಳ ನಡುವಿನ ಪಟ್ಟಿಗೆ ಮುಟ್ಟಿಸಿ, ಎಕ್ಸ್ ಪೂರ್ತಿ ಓಡಿಸಿ. ಸವೆದ ಸ್ಲೈಡ್‌ವೇ ಮೇಲೆ ಟೇಬಲ್ಲಿನ ಹೊರಬಂದ ತುದಿ ಜೋತು ಬೀಳುವುದರಿಂದ ಮುಳ್ಳು ಬಿಲ್ಲಿನ ಹಾಗೆ ಏರಿಳಿಯುತ್ತದೆ. ಪೂರ್ತಿ ಓಟಕ್ಕೆ 0.03 ಒಳ್ಳೆಯದು, 0.10 ಕೆಟ್ಟದ್ದು.

ಐದನೆಯದು ನೀ. ಮೂಲೆಮಟ್ಟವನ್ನು ಟೇಬಲ್ ಮೇಲೆ ನಿಲ್ಲಿಸಿ, ಅದರ ನಿಂತ ಅಂಚಿಗೆ ಡಯಲ್ ಮುಟ್ಟಿಸಿ, ನೀಯನ್ನು 100 ಮಿ.ಮೀ. ಏರಿಸಿ. ಪಕ್ಕದಿಂದ ಪಕ್ಕಕ್ಕೆ ಒಮ್ಮೆ, ಮುಂದಿನಿಂದ ಹಿಂದಕ್ಕೆ ಒಮ್ಮೆ. ಮುಂದೆ-ಹಿಂದೆ ಅಳತೆಯಲ್ಲಿ ತಪ್ಪು ಬಂದರೆ ನೀ ಮುಂದಕ್ಕೆ ವಾಲಿದೆ. ತಲೆಯನ್ನು ಓರೆ ಮಾಡಿ ಇದನ್ನು ಸರಿಪಡಿಸಬಹುದು ಎಂದು ಹೇಳುವವರಿದ್ದಾರೆ. ಆಗುವುದಿಲ್ಲ. ತಲೆ ಹೊಂದಿಸಿದರೆ ಕಟ್ಟರ್ ಟೇಬಲ್ಲಿಗೆ ನೇರವಾಗುತ್ತದೆ ಅಷ್ಟೆ, ನೀ ಏರುವ ದಾರಿ ಓರೆಯಾಗಿಯೇ ಉಳಿಯುತ್ತದೆ.

ಸ್ಪಿಂಡಲ್

ಟೂಲ್ ಕೂರುವ ಶಂಕುವಿನಾಕಾರದ ತೂತು, ಅಂದರೆ ಟೇಪರ್ ಒಳಗೆ ಬೆರಳಾಡಿಸಿ. ಕಟ್ಟರ್ ಹಿಡಿಯುವ ಕಾಲೆಟ್ ಜಾರಿ ತಿರುಗಿದ್ದರೆ ಉಂಗುರದಂಥ ಗೀರು ಸಿಗುತ್ತದೆ. ಲಿವರ್ ಡಯಲ್ಲನ್ನು ಟೇಪರ್ ಗೋಡೆಗೆ ಮುಟ್ಟಿಸಿ ಕೈಯಿಂದ ತಿರುಗಿಸಿ, ರನ್‌ಔಟ್ (ತಿರುಗುವಾಗಿನ ಓಲಾಟ) 0.01 ಒಳಗಿರಬೇಕು. ಡಯಲ್ಲನ್ನು ಸ್ಪಿಂಡಲ್ ಮೂತಿಗೆ ಕೆಳಗಿನಿಂದ ಮುಟ್ಟಿಸಿ, ಮರದ ತುಂಡಿನಿಂದ ಮೇಲಕ್ಕೆ ಮೀಟಿ. ಇಲ್ಲಿಯೂ 0.01 ದಾಟಬಾರದು. ಕ್ವಿಲ್ಲನ್ನು 100 ಮಿ.ಮೀ. ಇಳಿಸಿ ಪಕ್ಕಕ್ಕೆ ತಳ್ಳಿ ನೋಡಿ, 0.03 ದಾಟಿದರೆ ಕ್ವಿಲ್ ಮತ್ತು ಅದರ ಬೋರ್ ಸವೆದಿವೆ. ಬೇರಿಂಗ್ ಬದಲಿಸಬಹುದು, ಬೋರ್ ಬದಲಿಸಲಾಗದು. ಕೊನೆಗೆ ಹೆಚ್ಚಿನ ಸ್ಪೀಡಿನಲ್ಲಿ 20 ನಿಮಿಷ ಓಡಿಸಿ ಬೇರಿಂಗ್ ಇರುವ ಕಡೆ ಅಂಗೈ ಇಡಿ. ಬೆಚ್ಚಗಿರಲಿ, ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗ್ ಖರ್ಚು ಲೆಕ್ಕಕ್ಕೆ ಹಾಕಿ.

ಟೇಪರ್ ಯಾವುದು ಎಂಬುದೂ ಮುಖ್ಯ. ಐಎಸ್‌ಒ 40 ಇದ್ದರೆ ಬೆಂಗಳೂರಿನಲ್ಲಿ ಟೂಲಿಂಗ್ ಚಿಂತೆ ಇಲ್ಲ. ವಿಎಂಸಿಯ ಬಿಟಿ40 ಹೋಲ್ಡರಿಗೂ ಇದಕ್ಕೂ 7:24 ಟೇಪರ್ ಒಂದೇ, ಹಿಂದಿನ ದಾರ (ಸ್ಕ್ರೂ ಥ್ರೆಡ್) ಎಂ16. ಡ್ರೈವ್ ಕೀ ಮತ್ತು ಫ್ಲ್ಯಾಂಜ್ ಅಡ್ಡ ಬರುತ್ತವೆಯೇ ಎಂದು ಒಂದು ಹೋಲ್ಡರ್ ತೂರಿಸಿ ನೋಡಿದರೆ ಆಯಿತು. ಆರ್8 ಆದರೆ ಡ್ರಾ ಬಾರ್ (ಟೂಲನ್ನು ಮೇಲಕ್ಕೆ ಎಳೆದು ಹಿಡಿಯುವ ಉದ್ದ ಬೋಲ್ಟ್) ದಾರ 7/16 ಇಂಚು, ಅದು ಮೆಟ್ರಿಕ್ ಅಲ್ಲ. ಎಂಟಿ3, ಎಂಟಿ4 (ಮೋರ್ಸ್ ಟೇಪರ್) ಇರುವುದು ಪರಿವರ್ತನೆಗೆ ಕಡಿಮೆ ಹಿತ. ಟೇಪರ್ ಕಚ್ಚಿಕೊಳ್ಳುತ್ತದೆ, ಪ್ರತಿ ಟೂಲ್ ಬದಲಾವಣೆಗೂ ಸುತ್ತಿಗೆ ಬೇಕು.

ಸ್ಪೀಡಿನ ಲೆಕ್ಕ ಕೊಳ್ಳುವ ಮೊದಲೇ ಹಾಕಿ. 6 ಮಿ.ಮೀ. ಕಾರ್ಬೈಡ್ ಎಂಡ್ ಮಿಲ್ ಅಲ್ಯೂಮಿನಿಯಂನಲ್ಲಿ ನಿಮಿಷಕ್ಕೆ 200 ಮೀಟರ್ ವೇಗದಲ್ಲಿ ಕಡಿಯಬೇಕಾದರೆ 10,600 ಆರ್‌ಪಿಎಂ ಬೇಕು. ಟರೆಟ್ ಮಷಿನ್ ಕೊಡುವುದು 3,000ದಿಂದ 4,000. 10 ಮಿ.ಮೀ. ಕಾರ್ಬೈಡ್ ಮೈಲ್ಡ್ ಸ್ಟೀಲಿನಲ್ಲಿ 80 ಮೀಟರಿಗೆ ಕೇಳುವುದು 2,550 ಮಾತ್ರ, ಅಲ್ಲಿ ಇದೇ ಮಷಿನ್ ರಾಜ. ದಿನವಿಡೀ ಸಣ್ಣ ಕಟ್ಟರಿನಿಂದ ಅಲ್ಯೂಮಿನಿಯಂ ಕಡೆಯುವ ಯೋಚನೆ ಇದ್ದರೆ ಗೇರ್ ಹೆಡ್ ಮಷಿನ್ ಬಿಟ್ಟು ಬೆಲ್ಟ್ ಹೆಡ್ಡಿನದನ್ನೇ ಆರಿಸಿ, ಪುಲ್ಲಿ ಬದಲಿಸಲಿಕ್ಕಾದರೂ ಆಗುತ್ತದೆ.

ಬಾಲ್ ಸ್ಕ್ರೂವಿಗೆ ಜಾಗ ಇದೆಯೇ

ಇದನ್ನು ಅಳೆಯದೆ ಅಡ್ವಾನ್ಸ್ ಕೊಡಬೇಡಿ. ಟೇಬಲ್ ಕೆಳಗೆ, ಸ್ಯಾಡಲ್ ನಡುವೆ ಹಳೆ ಸ್ಕ್ರೂ ಹಾದುಹೋಗುವ ಕಾಲುವೆ ಇರುತ್ತದೆ. ಸ್ಕ್ರೂವಿನ ಕೇಂದ್ರದಿಂದ ಟೇಬಲ್ಲಿನ ತಳಕ್ಕೆ ಎಷ್ಟು, ಕೆಳಗಿನ ಬೀಡಿಗೆ ಎಷ್ಟು, ಪಕ್ಕದ ಗೋಡೆಗೆ ಎಷ್ಟು, ಟಾರ್ಚ್ ಹಾಕಿ ವರ್ನಿಯರ್ ಇಳಿಸಿ ಬರೆದುಕೊಳ್ಳಿ. ಅಂಗಡಿಯಲ್ಲಿ ಸಿಗುವ 1605 (16 ಮಿ.ಮೀ. ದಪ್ಪ, ಒಂದು ಸುತ್ತಿಗೆ 5 ಮಿ.ಮೀ. ಓಟ) ಬಾಲ್ ನಟ್ಟಿನ ಮೈ 28 ಮಿ.ಮೀ., ಫ್ಲ್ಯಾಂಜ್ 48. 2005 ಆದರೆ 36 ಮತ್ತು 58. 2505 ಆದರೆ 40 ಮತ್ತು 62ರ ಆಸುಪಾಸು. 3205 ಆದರೆ 50 ಮತ್ತು 80. ಫ್ಲ್ಯಾಂಜಿನ ಎರಡು ಪಕ್ಕ ಚಪ್ಪಟೆ ಕಡಿದಿರುವುದರಿಂದ ಅದನ್ನು ತಿರುಗಿಸಿ ಕೂರಿಸಿ ಕೆಲವು ಮಿ.ಮೀ. ಉಳಿಸಬಹುದು. ಬೆಂಚ್ ಮಿಲ್ಲಿಗೆ ಎಕ್ಸ್ ವೈ ಎರಡಕ್ಕೂ 2005 ಸಾಕು, ಟರೆಟ್ಟಿಗೆ 2505 ಅಥವಾ 3205.

ಜಾಗ ಸಾಲದಿದ್ದರೆ ಸ್ಯಾಡಲ್ ಬೀಡನ್ನು ಕೊರೆಯುವ ರೂಢಿ ಇದೆ. ಎರಡು ಮೂರು ಮಿ.ಮೀ. ಆದರೆ ಪರವಾಗಿಲ್ಲ. ಎಣ್ಣೆಯ ಕೊಳವೆ ಹಾದುಹೋಗುವ ಕಡೆ, ಡವ್‌ಟೇಲಿನ ಬುಡದಲ್ಲಿ ಕೊರೆಯಬಾರದು. ಅದಕ್ಕಿಂತ ಒಂದು ಸೈಜ್ ಚಿಕ್ಕ ಸ್ಕ್ರೂ ಹಾಕುವುದೇ ಮೇಲು.

ರೋಲ್ಡ್ (ಒತ್ತಿ ಉರುಳಿಸಿ ಮಾಡಿದ) ಬಾಲ್ ಸ್ಕ್ರೂ ಸಾಮಾನ್ಯವಾಗಿ ಸಿ7 ಗ್ರೇಡ್, ಅಂದರೆ 300 ಮಿ.ಮೀ.ಗೆ 50 ಮೈಕ್ರಾನ್ ತನಕ ಪಿಚ್ ತಪ್ಪು. ಸಿ10 ಆದರೆ ಅದು 210 ಮೈಕ್ರಾನ್, ಅದನ್ನು ತರಬೇಡಿ. ಮೇಲ್ಮೈ ಗಟ್ಟಿಯಾಗಿರುವುದರಿಂದ ತುದಿ ಟರ್ನಿಂಗ್ ಎಚ್‌ಎಸ್‌ಎಸ್ ಟೂಲಿನಲ್ಲಿ ಆಗುವುದಿಲ್ಲ, ಕಾರ್ಬೈಡ್ ಬೇಕು. ಮೋಟರ್ ಕಡೆಯ ಬೇರಿಂಗ್ ಬ್ಲಾಕಿನಲ್ಲಿ ಆಂಗ್ಯುಲರ್ ಕಾಂಟ್ಯಾಕ್ಟ್ (ಸ್ಕ್ರೂವಿನ ಉದ್ದಕ್ಕೆ ಬೀಳುವ ಒತ್ತಡ ತಡೆಯುವ) ಬೇರಿಂಗ್ ಜೋಡಿ ಇದೆಯೇ ಎಂದು ಬಿಚ್ಚಿಯೇ ನೋಡಿ. ಅಗ್ಗದ ಬ್ಲಾಕಿನಲ್ಲಿ ಸಾದಾ ಬಾಲ್ ಬೇರಿಂಗ್ ತುರುಕಿರುತ್ತಾರೆ, ಆಗ ಬಾಲ್ ಸ್ಕ್ರೂ ಹಾಕಿಯೂ ಪ್ಲೇ ಹೋಗುವುದಿಲ್ಲ.

ಝಡ್ ಅಕ್ಷ ಮತ್ತು ಕರೆಂಟ್ ಹೋದ ಗಳಿಗೆ

ಟರೆಟ್ ಮಷಿನ್ನಿನಲ್ಲಿ ಝಡ್‌ಗೆ ಎರಡು ದಾರಿ. ಕ್ವಿಲ್ಲಿಗೆ ಸಣ್ಣ ಬಾಲ್ ಸ್ಕ್ರೂ ಹಾಕಿ ಓಡಿಸಬಹುದು. ಹಗುರ, ವೇಗ, ಆದರೆ ಓಟ 125 ಮಿ.ಮೀ. ಆಸುಪಾಸಿಗೇ ಮುಗಿಯುತ್ತದೆ, ಡ್ರಿಲ್ ಚಕ್ ಹಾಕಿ ತೆಗೆಯುವುದರಲ್ಲೇ ಅದರ ಅರ್ಧ ಹೋಗುತ್ತದೆ. ಇಲ್ಲವೇ ನೀಯನ್ನೇ ಓಡಿಸಬಹುದು. ಓಟ ಹೆಚ್ಚು, ಕ್ವಿಲ್ ಒಳಗೇ ಇರುವುದರಿಂದ ಬಿಗಿ ಹೆಚ್ಚು, ಆದರೆ ಟೇಬಲ್, ಸ್ಯಾಡಲ್, ವೈಸ್ ಎಲ್ಲ ಸೇರಿ ನೂರಾರು ಕೆಜಿ ಎತ್ತಬೇಕು. ಮೊದಲ ಪರಿವರ್ತನೆಗೆ ಕ್ವಿಲ್ಲನ್ನು ಮೋಟರಿಗೆ ಕೊಟ್ಟು ನೀಯನ್ನು ಕೈಯಲ್ಲೇ ಉಳಿಸಿಕೊಳ್ಳುವುದು ಜಾಣತನ.

ಹಳೆ ಲೀಡ್ ಸ್ಕ್ರೂ (ಆಕ್ಮೆ ದಾರದ್ದು) ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ, ಭಾರ ಹೊತ್ತು ಹಾಗೇ ನಿಲ್ಲುತ್ತದೆ. ಬಾಲ್ ಸ್ಕ್ರೂ ಹಾಗಲ್ಲ, ಭಾರಕ್ಕೆ ತಿರುಗುತ್ತದೆ. ಮೋಟರಿಗೆ ಕರೆಂಟ್ ಇರುವ ತನಕ ಅದು ಹಿಡಿದಿರುತ್ತದೆ. ಬೇಸಿಗೆಯ ಮಧ್ಯಾಹ್ನ ಫಟ್ ಎಂದು ಕರೆಂಟ್ ಹೋದರೆ ಬೆಂಚ್ ಮಿಲ್ಲಿನ ತಲೆ ಇಡೀ ಕೆಳಗೆ ಬೀಳುತ್ತದೆ, ಜಾಬ್ ಮೇಲೋ ಕೈ ಮೇಲೋ. ತಲೆಗೋ ನೀಗೋ ಬಾಲ್ ಸ್ಕ್ರೂ ಹಾಕುವವರು ಬ್ರೇಕ್ ಇರುವ ಮೋಟರನ್ನೇ ಹಾಕಬೇಕು, ಜೊತೆಗೆ ಗ್ಯಾಸ್ ಸ್ಪ್ರಿಂಗ್ ಅಥವಾ ಎದುರು ತೂಕ. ಕೊಳ್ಳುವಾಗಲೇ ಕಾಲಮ್ಮಿನ ಹಿಂದೆ ಎದುರು ತೂಕ ಇಳಿಬಿಡಲು, ಪಕ್ಕದಲ್ಲಿ ಗ್ಯಾಸ್ ಸ್ಪ್ರಿಂಗ್ ಕೂರಿಸಲು ಜಾಗ ಇದೆಯೇ ನೋಡಿ.

ಮೋಟರ್ ಮತ್ತು ಕರೆಂಟ್

ಸ್ಪಿಂಡಲ್ ಮೋಟರ್ 415 ವೋಲ್ಟ್ ಮೂರು ಫೇಸ್ ಎಂದು ಮಷಿನ್ ಬಿಡಬೇಡಿ. ಮನೆಯ 230 ವೋಲ್ಟಿನಿಂದ ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಡ್ರೈವ್) ಮೂಲಕ ಮೂರು ಫೇಸ್ ಬರುತ್ತದೆ, ಆದರೆ ಅದೂ 230 ವೋಲ್ಟೇ. ಸ್ಟಾರ್, ಡೆಲ್ಟಾ ಎಂದರೆ ಮೋಟರಿನ ಸುರುಳಿಗಳನ್ನು ಜೋಡಿಸುವ ಎರಡು ರೀತಿ; ಸ್ಟಾರ್‌ನಲ್ಲಿ 415ಕ್ಕೆ ಕಟ್ಟಿದ ಮೋಟರನ್ನು ಡೆಲ್ಟಾ ಮಾಡಿದರೆ ಅದಕ್ಕೆ ಬೇಕಾದ್ದು 240, ಲೆಕ್ಕ ಹೊಂದುತ್ತದೆ. ಟರ್ಮಿನಲ್ ಬಾಕ್ಸ್ ಬಿಚ್ಚಿ ತಂತಿ ಎಣಿಸಿ. ಆರು ಇದ್ದರೆ ಪಟ್ಟಿ ಬದಲಿಸಿ ಡೆಲ್ಟಾ ಮಾಡಿದರಾಯಿತು. ಮೂರೇ ಇದ್ದರೆ ಸ್ಟಾರ್ ಗಂಟು ಒಳಗೆ ಹುದುಗಿದೆ, ರೀವೈಂಡಿಂಗ್ ಅಂಗಡಿಯವರು ಅದನ್ನು ಬಿಡಿಸಿ ಇನ್ನು ಮೂರು ತಂತಿ ಹೊರತೆಗೆದು ಕೊಡುತ್ತಾರೆ. ನೇಮ್‌ಪ್ಲೇಟಿನಲ್ಲಿ 415 ಡೆಲ್ಟಾ ಎಂದಿದ್ದರೆ ಈ ದಾರಿ ನಡೆಯದು, ಮೋಟರ್ ಬದಲಿಸಿ ಅಥವಾ ಮೂರು ಫೇಸ್ ತೆಗೆದುಕೊಳ್ಳಿ. 2.2 ಕಿಲೋವ್ಯಾಟ್ ವಿಎಫ್‌ಡಿ ಸಿಂಗಲ್ ಫೇಸಿನಿಂದ 20 ಆಂಪಿಯರ್ ದಾಟಿ ಎಳೆಯಬಲ್ಲದು, ಹಾಗಾಗಿ ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ, ಮೀಟರಿನಿಂದ ಬೇರೆ ಲೈನ್ ಎಳೆಸಿ. ವಿಎಫ್‌ಡಿಯ ಫಿಲ್ಟರ್ ಭೂಮಿಗೆ ಬಿಡುವ ಸಣ್ಣ ಕರೆಂಟಿಗೇ ಮನೆಯ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಶಾಕ್ ತಡೆಯುವ ಬ್ರೇಕರ್) ಪದೇಪದೇ ಬೀಳುವುದುಂಟು. ಅದನ್ನು ಬೈಪಾಸ್ ಮಾಡುವ ಸಲಹೆಗೆ ಕಿವಿಗೊಡಬೇಡಿ, ವಿಎಫ್‌ಡಿ ಕೈಪಿಡಿ ಹೇಳುವ ಟೈಪಿನ ಆರ್‌ಸಿಸಿಬಿಯನ್ನು ಆ ಲೈನಿಗೆ ಹಾಕಿಸಿ.

ಅಕ್ಷದ ಮೋಟರ್, ಡ್ರೈವರ್, ಪವರ್ ಸಪ್ಲೈಗಳಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್ ಇದೆ. ಟರೆಟ್ಟಿಗೆ ನೆಮಾ 34 ಗಾತ್ರದ 8.5 ನ್ಯೂಟನ್ ಮೀಟರ್ ಕ್ಲೋಸ್ಡ್ ಲೂಪ್ (ತಪ್ಪಿದ ಹೆಜ್ಜೆಯನ್ನು ತಾನೇ ಗುರುತಿಸುವ) ಸ್ಟೆಪ್ಪರ್ ಅಥವಾ 750 ವ್ಯಾಟ್ ಸರ್ವೋ ಎಂದು ಲೆಕ್ಕ ಹಿಡಿದು ಬಜೆಟ್ ಹಾಕಿ. ಮಷಿನ್ನಿಗೆ ಎಷ್ಟು ಕೊಡುತ್ತೀರೋ ಅಷ್ಟೇ ದುಡ್ಡು ಪರಿವರ್ತನೆಗೂ ಎತ್ತಿಟ್ಟುಕೊಂಡವರು ಮಧ್ಯದಲ್ಲಿ ನಿಲ್ಲುವುದಿಲ್ಲ.

ಬೆಲೆ, ಬಿಲ್, ಸಾಗಣೆ

ಆ ದಿನದ ಬೀಡಿನ ಗುಜರಿ ದರವನ್ನು ತೂಕಕ್ಕೆ ಗುಣಿಸಿ, ಅದು ಮಾರುವವರ ಕೊನೆಯ ನೆಲೆ, ಅದಕ್ಕಿಂತ ಕೆಳಗೆ ಅವರು ಇಳಿಯುವುದಿಲ್ಲ. ಅಲ್ಲಿಂದ ಮೇಲೆ ಕೊಡುವ ಪ್ರತಿ ರೂಪಾಯಿಯೂ ಜಿಬ್ ಪರೀಕ್ಷೆ ಮತ್ತು ಸ್ಪಿಂಡಲ್ ಪರೀಕ್ಷೆಯ ಫಲಕ್ಕೆ. ಕೆಟ್ಟ ಪವರ್ ಫೀಡ್, ಸವೆದ ಸ್ಕ್ರೂ, ಒಡೆದ ಕೈಚಕ್ರ ತೋರಿಸಿ ಧಾರಾಳವಾಗಿ ಚೌಕಾಸಿ ಮಾಡಿ, ನಿಮಗೆ ಅವು ಬೇಡವೇ ಬೇಡ. ವೈಸ್, ಆರ್ಬರ್, ಕಾಲೆಟ್ ಸೆಟ್, ಡ್ರಾ ಬಾರ್ ಜೊತೆಗೇ ಬರಲಿ ಎಂದು ಅಡ್ವಾನ್ಸ್ ಕೊಡುವಾಗಲೇ ಬರೆಸಿ. ಇಲ್ಲದಿದ್ದರೆ ಲೋಡ್ ಮಾಡುವ ದಿನ ಅವು ಕಾಣೆಯಾಗಿರುತ್ತವೆ. ಬಿಲ್ ಇಲ್ಲದೆ ಮಷಿನ್ ಎತ್ತಬೇಡಿ, ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ಲೂ ಇರಲಿ.

ಟಾಟಾ ಏಸ್ ಒಂದು ಟನ್ನಿಗೆ ಚಿಕ್ಕದು, ಬೊಲೆರೊ ಪಿಕಪ್ ಅಥವಾ 407 ಹೇಳಿ. ನೀ ಪೂರ್ತಿ ಕೆಳಗಿಳಿಸಿ, ತಲೆಗೆ ಮರದ ದಿಮ್ಮಿ ಆನಿಸಿ, ಎಲ್ಲ ಲಾಕ್ ಬಿಗಿ ಮಾಡಿ. ಬೆಲ್ಟನ್ನು ರ್‍ಯಾಮ್ (ತಲೆ ಹೊತ್ತ ಮೇಲಿನ ತೊಲೆ) ಅಡಿಗೆ ಹಾಕಿಸಿ, ತೂಕ ಸಮವಾಗುವ ತನಕ ರ್‍ಯಾಮ್ ಸರಿಸಿ. ಟೇಬಲ್ಲಿಗೆ ಬೆಲ್ಟ್ ಹಾಕಲು ಬಿಡಲೇಬೇಡಿ, ಡವ್‌ಟೇಲ್ ಬಾಗಿದರೆ ಮಾಡಿದ ಪರೀಕ್ಷೆ ಎಲ್ಲ ವ್ಯರ್ಥ. ಮನೆ ಮುಂದೆ ಇಳಿಸಲು ಹೈಡ್ರಾ (ಸಣ್ಣ ಕ್ರೇನ್) ಬರುವಷ್ಟು ರಸ್ತೆ ಅಗಲ ಇದೆಯೇ, ಮೇಲೆ ಕರೆಂಟ್ ತಂತಿ ಇದೆಯೇ ಎಂದು ಹಿಂದಿನ ದಿನವೇ ನೋಡಿ ಬನ್ನಿ. ಗೇಟಿನಿಂದ ಒಳಕ್ಕೆ ಪೈಪ್ ರೋಲರ್ ಮತ್ತು ಹಾರೆ ಸಾಕು.

ಮಷಿನ್ ಕೂತ ಮೇಲೆ ಲೆವೆಲ್ ಮಾಡಿ, ಎಣ್ಣೆ ಕೊಳವೆ ಬಿಡಿಸಿ 68 ಗ್ರೇಡ್ ಸ್ಲೈಡ್‌ವೇ ಎಣ್ಣೆ ಹಾಕಿ, ಕೆಲವು ವಾರ ಕೈಯಲ್ಲೇ ಓಡಿಸಿ. ಹಳೆ ಸ್ಕ್ರೂ ಬಿಚ್ಚುವ ಆತುರ ಬೇಡ. ಮೋಟರ್ ಬ್ರ್ಯಾಕೆಟ್, ಬಾಲ್ ನಟ್ ಹೌಸಿಂಗ್, ಬೇರಿಂಗ್ ಬ್ಲಾಕಿನ ಪ್ಲೇಟ್ ಎಲ್ಲವನ್ನೂ ಇದೇ ಮಷಿನ್ನಿನಲ್ಲಿ ಕಡೆಯಬಹುದು. ಬಿಚ್ಚಿದ ಮೇಲೆ ಒಂದು ತೂತು ಕೊರೆಯಲೂ ಪೀಣ್ಯಕ್ಕೆ ಓಡಬೇಕು. ಒಂದೊಂದೇ ಅಕ್ಷ ಬದಲಿಸುತ್ತ ಹೋಗಿ, ಎಕ್ಸ್ ಸ್ಕ್ರೂವಿಗೆ ಕೈ ಹಾಕುವ ಹೊತ್ತಿಗೆ ಝಡ್‌ನ ಕೊನೆಯ ಬ್ರ್ಯಾಕೆಟ್ಟೂ ಕಡೆದು ಮುಗಿದಿರಲಿ.